ಮಿಂಕೊನ ನೀರು

ಡಿಸೆಂಬರಿನ ಮೊದಲ ವಾರದಲ್ಲೇ ಪೆಂಚೊ ಬಂದು ವೆಲಿಕಾಳ ತೋಟದ ಚಿಲುಮೆಗೆ ಚಳಿಗಾಲದ ಉಡುಪು ತೊಡಿಸಿದ. ಕೊಳವೆಗೆ ಮೊದಲು ಒಣಹುಲ್ಲು ಸುತ್ತಿದ, ಅದರ ಮೇಲೆ ಗೋಣಿತಾಟು, ಅದರ ಮೇಲೆ ಅವಳ ತೀರಿಕೊಂಡ ಗಂಡ ಮಿಂಕೊನ ಹಳೆಯ ಕುರಿಚರ್ಮದ ಕೋಟು, ಎಲ್ಲಕ್ಕಿಂತ ಮೇಲೆ ಟಾರ್ಪಾಲು. ನೀರು ಬೀಳುವ ಹಿತ್ತಾಳೆಯ ಮೂತಿ ಮಾತ್ರ ಹೊರಗಿತ್ತು. ಕೋಟು ಕೊಡುವ ಮುಂಚೆ ವೆಲಿಕಾ ಅದರ ಜೇಬುಗಳಿಗೆಲ್ಲ ಕೈ ಹಾಕಿ ನೋಡಿದಳು. ಏನೂ ಇರಲಿಲ್ಲ.

ಪೆಂಚೊ ಊರಿನ ನಲ್ಲಿ ರಿಪೇರಿಯವನು, ಮಿಂಕೊನ ಬಾಲ್ಯದ ಗೆಳೆಯ. ಗುಡ್ಡದ ಒರತೆಯಿಂದ ಈ ತೋಟಕ್ಕೆ ಪೈಪು ಎಳೆದವನೂ ಅವನೇ. ಹಗ್ಗ ಬಿಗಿದು ಮುಗಿಸಿ ಕೈ ಒರೆಸಿಕೊಳ್ಳುತ್ತ ಹೇಳಿದ: "ಇದೆಲ್ಲ ಬರೀ ಶೋಕಿ ಅತ್ತಿಗೆ. ಜನವರಿ ಬಂತು ಅಂದ್ರೆ ಈ ಕೋಟು ಗೀಟು ಯಾವ ಲೆಕ್ಕಕ್ಕೂ ಇಲ್ಲ. ಗುಂಡಿಯೊಳಗಿನ ವಾಲ್ವ್ ಮುಚ್ಚಿ, ಪೈಪು ಖಾಲಿ ಮಾಡಿ, ತೊಟ್ಟಿ ಬಿರಡೆ ಕಿತ್ತುಬಿಡೋಣ. ಮಾರ್ಚಲ್ಲಿ ನಾನೇ ಬಂದು ನೀರು ಬಿಡ್ತೀನಿ."

ವೆಲಿಕಾ ಅವನಿಗೆ ಪ್ಲಮ್ ಸಾರಾಯಿ ಬಗ್ಗಿಸಿ ಕೊಟ್ಟಳು, ಮಾತಿಗೆ ಉತ್ತರ ಕೊಡಲಿಲ್ಲ. ಆಕೆ ಉತ್ತರ ಕೊಡದಿದ್ದರೆ ಇಲ್ಲ ಎಂದೇ ಅರ್ಥ, ಇದು ಪೆಂಚೊಗೆ ಗೊತ್ತು.

ಸತ್ತವರ ಹೆಸರಿನಲ್ಲಿ ಚಿಲುಮೆ ಕಟ್ಟಿಸುವುದು ಆ ಬೆಟ್ಟದ ಸೀಮೆಯಲ್ಲಿ ಹೊಸದಲ್ಲ. ಹಾದುಹೋಗುವವರು ನೀರು ಕುಡಿದು, ಕಲ್ಲಿನ ಮೇಲಿನ ಹೆಸರು ಓದಿ, "ದೇವರು ಇವರನ್ನು ಕ್ಷಮಿಸಲಿ" ಎಂದು ಹೇಳಿ ಮುಂದೆ ನಡೆಯುತ್ತಾರೆ. ಆದರೆ ವೆಲಿಕಾಳಿಗಿದ್ದ ಕಾರಣ ಬೇರೆ, ಅದನ್ನು ಅವಳು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ ಮಿಂಕೊನಿಗೆ ಸೆಪ್ಟೆಂಬರಿನಲ್ಲಿ ಪಟ್ಟಣದ ಆಸ್ಪತ್ರೆಯಲ್ಲಿ ಕರುಳಿನ ಆಪರೇಷನ್ ಆಯಿತು. ಒಂದು ಹನಿ ನೀರೂ ಕೊಡಕೂಡದು ಎಂದು ನರ್ಸ್ ಕಟ್ಟಪ್ಪಣೆ ಮಾಡಿದ್ದಳು. ಮೂರು ದಿನ ಅವನು, "ಒಂದು ಗುಟುಕು ವೆಲಿಕಾ, ಒಂದೇ ಒಂದು," ಎಂದು ಗೋಗರೆದ. ಮಂಚದಿಂದ ನಾಲ್ಕು ಹೆಜ್ಜೆಗೆ ನಲ್ಲಿಯಿತ್ತು. ಅವಳು ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಸವರಿದಳು, ಅಷ್ಟೇ. ಮೂರನೆಯ ದಿನ ಮಧ್ಯಾಹ್ನ ಅವನು ಕೇಳುವುದನ್ನು ನಿಲ್ಲಿಸಿದ. ನರ್ಸ್ ಹೇಳಿದ್ದು ಸರಿಯೇ, ಡಾಕ್ಟರು ಮಾಡಿದ್ದೂ ಸರಿಯೇ. ಅದೇ ದೊಡ್ಡ ಕಷ್ಟವಾಯಿತು. ಬೈಯೋಣವೆಂದರೆ ಅವಳಿಗೆ ತನ್ನ ಹೊರತು ಇನ್ನೊಬ್ಬರು ಸಿಗಲಿಲ್ಲ.

ತೀರಿಕೊಂಡ ನಲವತ್ತನೆಯ ದಿನಕ್ಕೆ ಅಲ್ಲಿನ ಪದ್ಧತಿಯಂತೆ ಗೋಧಿ ಬೇಯಿಸಿ ಹಂಚಿದ ಮರುವಾರವೇ ಚಿಲುಮೆ ಎದ್ದು ನಿಂತಿತು. ಎತ್ತರದ ಬೂದು ಕಲ್ಲಿನ ಹಲಗೆ, ಅದರಲ್ಲಿ ಅವನ ಹೆಸರು, ಫೋಟೋ. ಹಲಗೆಯ ಬುಡಕ್ಕೆ ಕಚ್ಚಿ ಕೂರಿಸಿದ ಅಖಂಡ ಕಲ್ಲಿನ ತೊಟ್ಟಿ, ಸರಪಳಿಗೆ ಕಟ್ಟಿದ ತಗಡಿನ ಲೋಟ. ಒಳಗೆ ಬರುವವರಿಗೆ ಅಡ್ಡಿಯಾಗದಿರಲೆಂದು ತೋಟದ ಗೇಟಿನ ಚಿಲಕವನ್ನೇ ಅವಳು ತೆಗೆಸಿಬಿಟ್ಟಳು. ಅಂಗಡಿಗೆ ಹೊರಟ ಹೆಂಗಸರು ಬಂದರು, ಕಾಡಿನ ಕೆಲಸದವರು ಬಂದರು. ಅಂಚೆಯ ಸ್ತಾನ್ಕಾ ದಿನಾ ಹನ್ನೊಂದಕ್ಕೆ, ಬಾಯಾರಿಕೆ ಇರಲಿ ಬಿಡಲಿ, ಬಂದು ಕುಡಿಯುತ್ತಿದ್ದಳು. ವೆಲಿಕಾ ಅಡುಗೆಮನೆಯ ಕಿಟಕಿಯ ಹಿಂದೆ ನಿಂತು ಅವರ ಗಂಟಲನ್ನೇ ನೋಡುತ್ತಿದ್ದಳು. ಗಂಟಲು ಏರಿ ಇಳಿದಾಗೆಲ್ಲ ಒಂದು ಗುಟುಕು ಅವನಿಗೆ ಮುಟ್ಟಿತು ಎಂದುಕೊಳ್ಳುತ್ತಿದ್ದಳು. ವರ್ಷ ತುಂಬುವವರೆಗೆ ಈ ನೀರು ನಿಲ್ಲಬಾರದು ಎಂದು ಹರಕೆ ಹೊತ್ತಳು. ಹಾಗೆ ಯಾವ ಕಟ್ಟಳೆಯೂ ಇಲ್ಲ, ಸತ್ತವರಿಗೆ ಬಾಯಾರಿಕೆಯೂ ಇರುವುದಿಲ್ಲ ಎಂದು ಪಾದ್ರಿಗಳು ತಿಳಿಹೇಳಿದರು. ಆಗಷ್ಟೇ ಎರಡು ಲೋಟ ಕಾಫಿ ಕುಡಿದು ಕೂತವರಿಗೆ ಹಾಗೆ ಹೇಳುವುದು ಸುಲಭ ಎಂದು ಅವಳಿಗನ್ನಿಸಿತು.

ಜನವರಿಯ ಹಬ್ಬದಂದು ಪಾದ್ರಿಗಳು ಹೊಳೆಗೆ ಶಿಲುಬೆ ಎಸೆದು ನೀರು ಹರಸಿದ ಮಾರನೆಯ ದಿನದಿಂದ ಚಳಿ ಕೂತುಬಿಟ್ಟಿತು. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎಂದು ವೆಲಿಕಾ ಗುಂಡಿಯ ವಾಲ್ವನ್ನು ಇನ್ನಷ್ಟು ತೆರೆದಳು. ಬೆಳಿಗ್ಗೆ ಸಂಜೆ ಕೆಟಲಿನಲ್ಲಿ ಬಿಸಿನೀರು ತಂದು ಮೂತಿಗೆ ಹೊಯ್ದಳು. ತೊಟ್ಟಿಯಲ್ಲಿ ಕಟ್ಟಿದ ಮಂಜಿನ ಕೆನೆಯನ್ನು ಲಟ್ಟಣಿಗೆಯಿಂದ ಒಡೆದಳು. ಮಂಜು ಕರಗಿಸಲು ಉಪ್ಪು ಹಾಕಿದರೆ ಅದು ಕಲ್ಲನ್ನೇ ತಿಂದುಹಾಕುತ್ತದೆ ಎಂದು ಪೆಂಚೊ ಎಚ್ಚರಿಸಿದ್ದರಿಂದ, ನೀರು ಹೊರಹೋಗುವ ಕಂಡಿಗೆ ಪೀಪಾಯಿಯಿಂದ ಹುಳಿ ಬರಿಸಿದ ಕೋಸಿನ ನೀರು ತಂದು ಸುರಿದಳು. ಅದರಲ್ಲಿರುವುದೂ ಉಪ್ಪೇ ಎಂದು ಅವಳಿಗೆ ಹೇಳುವವರು ಯಾರು? ಆ ಸೀಮೆಯ ಗಂಡಸರು ಕುಡಿದ ಮಾರನೆಯ ಬೆಳಿಗ್ಗೆ ತಲೆಭಾರ ಇಳಿಸಿಕೊಳ್ಳಲು ಕುಡಿಯುವುದು ಅದನ್ನೇ. ಸ್ತಾನ್ಕಾ ಮೂಗು ಹಿಡಿದುಕೊಂಡು, "ಏನೇ, ಮಿಂಕೊಗೆ ಹೊಸ ವರ್ಷದ ಅಮಲು ಇನ್ನೂ ಇಳಿದಿಲ್ವಾ?" ಎಂದಳು. ಸೆಪ್ಟೆಂಬರಿನ ನಂತರ ವೆಲಿಕಾ ನಕ್ಕದ್ದು ಅದೊಂದೇ ಸಲ.

ಆ ಹೊತ್ತಿಗೆ ಜನ ಕುಡಿಯಲು ಬರುವುದು ನಿಂತೇಹೋಗಿತ್ತು. ಮೈನಸ್ ಇಪ್ಪತ್ತರಲ್ಲಿ ತಣ್ಣೀರು ಯಾರಿಗೆ ಬೇಕು? ಸ್ತಾನ್ಕಾ ಒಬ್ಬಳೇ ಬರುತ್ತಿದ್ದಳು.

ತಿಂಗಳ ಕೊನೆಯಲ್ಲಿ ಕಂಡಿ ಕಟ್ಟಿಕೊಂಡಿತು. ತೊಟ್ಟಿ ತುಂಬಿ ಹೊರಚೆಲ್ಲಿ, ಗುಲಾಬಿ ಪಾತಿ ದಾಟಿ, ಗೇಟಿನವರೆಗೆ ಹರಿದು ಗಾಜಿನಂತೆ ಹೆಪ್ಪುಗಟ್ಟಿತು. ವೆಲಿಕಾ ಬೂದಿ ಚೆಲ್ಲಿದಳು. ಬೂದಿಯ ಮೇಲೆ ನೀರು ಹರಿದು ಅಲ್ಲಿಯೂ ಹೆಪ್ಪುಗಟ್ಟಿತು. ಅಂದು ಹನ್ನೊಂದಕ್ಕೆ ಸ್ತಾನ್ಕಾ ಗೇಟು ದೂಡಿ ಎರಡು ಹೆಜ್ಜೆ ಇಟ್ಟಳು, ಅಷ್ಟರಲ್ಲಿ ಬಿದ್ದಳು. ಬಲಗೈ ಮೈಯಡಿಗೆ ಸಿಕ್ಕಿ ಮುರಿದ ಸದ್ದು ಕಿಟಕಿಯವರೆಗೆ ಕೇಳಿಸಿತು.

ವೆಲಿಕಾ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸ್ತಾನ್ಕಾಳ ಮುಖ ಸುಣ್ಣವಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯಲಿಲ್ಲ.

"ನೀರು ಕುಡಿಯೋಕೆ ಬರ್ತಿರ್ಲಿಲ್ಲ ಕಣೇ. ನಾನೂ ಬರದಿದ್ರೆ ನೀನು ಆ ಕಿಟಕಿಯಲ್ಲೇ ನಿಂತಿರ್ತೀಯಲ್ಲ, ಅದಕ್ಕೆ ಬರ್ತಿದ್ದೆ."

ಪೆಂಚೊ ಕಾರು ತಂದ. ಸ್ತಾನ್ಕಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ವೆಲಿಕಾಳ ಬಳಿ ಬಂದು ನಿಂತ. "ಅತ್ತಿಗೆ, ಈಗ ನೀವು ನಿಲ್ಲಿಸ್ತೀರೋ, ನಾನು ನಿಲ್ಲಿಸ್ಲೋ?"

"ಒಂದ್ಸಲ ಅವನಿಗೆ ನೀರು ಕೊಡದೇ ಇದ್ದವಳು ನಾನೇ. ಈ ಸಲಾನೂ ನಾನೇ ನಿಲ್ಲಿಸ್ತೀನಿ. ನೀನು ಹೋಗು, ಅವಳನ್ನ ಕರ್ಕೊಂಡು ಹೋಗು."

ಪೆಂಚೊ ಮಾಡಬೇಕಾದ್ದನ್ನು ಮಾತ್ರ ಮಕ್ಕಳಿಗೆ ಹೇಳುವಂತೆ ಹೇಳಿದ: ಮೊದಲು ವಾಲ್ವ್, ಆಮೇಲೆ ಅದರ ಪಕ್ಕದ ಸಣ್ಣ ತಿರುಪು, ಕೊನೆಗೆ ತೊಟ್ಟಿಯ ಬಿರಡೆ. ಮೂರನ್ನೂ ಮರೆಯಬೇಡಿ ಎಂದ.

ಅವಳು ಮರೆಯಲಿಲ್ಲ. ಗುಂಡಿಯೊಳಗೆ ಬಗ್ಗಿ ವಾಲ್ವ್ ತಿರುಗಿಸಿದಳು. ಧಾರೆ ಸಣ್ಣಗಾಯಿತು, ದಾರವಾಯಿತು, ಹನಿಯಾಯಿತು. ಸಣ್ಣ ತಿರುಪನ್ನೂ ಬಿಚ್ಚಿದಳು. ಪೈಪಿನಲ್ಲಿ ಉಳಿದದ್ದು ಗಳಗಳ ಎಂದು ನೆಲಕ್ಕಿಳಿಯಿತು. ಮೂರು ತಿಂಗಳಿಂದ ಅಡುಗೆಮನೆಗೆ ಕೇಳುತ್ತಿದ್ದ ಸದ್ದು ನಿಂತು ತೋಟವೆಲ್ಲ ಬಿಕೋ ಎಂದಿತು. ಆಮೇಲೆ ತೋಳು ಮಡಿಸಿ ತೊಟ್ಟಿಗೆ ಕೈ ಇಳಿಬಿಟ್ಟಳು. ಬೆರಳಿಗೆ ಬಿರಡೆ ಸಿಕ್ಕಿತು. ಕಲ್ಲಿನ ಮೇಲಿನ ಫೋಟೋದಿಂದ ಮಿಂಕೊ ನೋಡುತ್ತಿದ್ದ. ಇದನ್ನೂ ಖಾಲಿ ಮಾಡಿದರೆ ಮಾರ್ಚಿನವರೆಗೆ ಅವನಿಗೇನಿದೆ? ಇದು ಎಲ್ಲಿಗೂ ಹರಿಯುವುದಿಲ್ಲ, ಯಾರನ್ನೂ ಬೀಳಿಸುವುದಿಲ್ಲ, ಒಂದು ತೊಟ್ಟಿ ನೀರು, ಇದ್ದರೆ ಇರಲಿ. ಅವಳು ಬಿರಡೆ ಬಿಟ್ಟಳು. ಮೇಲೆ ಮರದ ಹಲಗೆಗಳನ್ನು ಜೋಡಿಸಿ, ಕೊಳವೆಗೆ ಸುತ್ತಿದ್ದ ಕೋಟು ಬಿಚ್ಚಿ ತಂದು ಅವನ್ನು ಬೆಚ್ಚಗೆ ಮುಚ್ಚಿದಳು. ಆಸ್ಪತ್ರೆಯಿಂದ ಬಂದಮೇಲೆ ಮೊದಲ ಬಾರಿಗೆ ಅವಳಿಗೆ ಮನಸ್ಸು ಸ್ವಲ್ಪ ಹಗುರವೆನಿಸಿತು.

ಬೆಳಿಗ್ಗೆ ನೋಡಿದಾಗ, ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ, ತೊಟ್ಟಿ ಮೂರು ಹೋಳಾಗಿ ಬಿದ್ದಿತ್ತು. ಅದು ಬಿರಿಯುವಾಗ ಹೆಸರಿದ್ದ ಕಲ್ಲಿನ ಹಲಗೆಯನ್ನೂ ಎಳೆದಿತ್ತು. ಬಿರುಕು ಬುಡದಿಂದ ಹೆಸರಿನವರೆಗೆ ಹತ್ತಿ, ಮೂತಿಯನ್ನು ಸೊಟ್ಟಗೆ ಮಾಡಿತ್ತು. ಕಲ್ಲು ಕಳಚಿಕೊಂಡರೂ ಒಳಗಿನ ಮಂಜುಗಡ್ಡೆ ತೊಟ್ಟಿಯ ಆಕಾರದಲ್ಲೇ ಗಟ್ಟಿಯಾಗಿ ಕೂತಿತ್ತು. ತಗಡಿನ ಲೋಟ ಅದರ ಹೊಟ್ಟೆಯೊಳಗೆ ಕಾಣುತ್ತಿತ್ತು.

ಪೆಂಚೊ ಬಂದು ಬಗ್ಗಿ ನೋಡಿದ. ಬಿರಡೆ ಮಂಜಿನ ತಳದಲ್ಲಿ ಹಾಗೇ ಇತ್ತು. ಅವನಿಗೆ ಎಲ್ಲ ಅರ್ಥವಾಯಿತು. ಸ್ತಾನ್ಕಾಳ ಕೈಗೆ ಪಟ್ಟಿ ಹಾಕಿದ್ದಾರೆ, ಇನ್ನು ಅಂಚೆ ಚೀಲ ಹೊರುವುದು ಕಷ್ಟವಂತೆ ಎಂದ. ಬಿರುಕಿನ ಮೇಲೆ ಬೆರಳಾಡಿಸಿ, "ವಸಂತದಲ್ಲಿ ಸಿಮೆಂಟು ಹಾಕಿ ಕೂಡಿಸೋಣ ಅತ್ತಿಗೆ," ಎಂದ.

"ಕೂಡಿಸಿದ್ರೆ ಅದ್ರಲ್ಲಿ ನೀರು ನಿಲ್ಲುತ್ತಾ?"

ಪೆಂಚೊ ಟೋಪಿ ಸರಿಮಾಡಿಕೊಂಡ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಲ್ಲ," ಎಂದ.

ಅವನು ಹೋದ ಮೇಲೆ ವೆಲಿಕಾ ಲಟ್ಟಣಿಗೆಯಿಂದ ಮಂಜುಗಡ್ಡೆಯ ಒಂದು ಮೂಲೆ ಒಡೆದಳು. ಅಂಗೈಯಗಲದ ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸ್ಮಶಾನಕ್ಕೆ ನಡೆದಳು. ಮಿಂಕೊನ ಸಮಾಧಿಯ ಮರದ ಶಿಲುಬೆಯ ಬುಡದಲ್ಲಿ ಹಿಮ ಸರಿಸಿ ಅದನ್ನಿಟ್ಟಳು. ಕೈಗವಸು ತೆಗೆದು ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು. ಬೆರಳು ಮರಗಟ್ಟಿ ತನ್ನವಲ್ಲ ಎನಿಸುವವರೆಗೂ ಹಿಡಿದಿದ್ದಳು.

ಮರುದಿನ ಹನ್ನೊಂದಕ್ಕೆ ಮತ್ತೆ ಹೋದಳು. ತುಂಡು ಇಟ್ಟಲ್ಲೇ, ಇಟ್ಟ ಹಾಗೇ ಇತ್ತು. ಒಂದು ಗುಟುಕಿನಷ್ಟೂ ಕರಗಿರಲಿಲ್ಲ.