ನೀರು ಬಂದ ದಿನ

ಮಧ್ಯಾಹ್ನದ ಬಿಸಿಲಿನಲ್ಲಿ ತಾಯಪ್ಪ ಮಾಸ್ತರು ಶಹಾಪುರದ ಸಾವ್ಕಾರರ ಮನೆಯ ಮುಂದೆ, ತಮ್ಮ ಮಂದಿಯನ್ನು ಕರೆತರಬೇಕಾಗಿದ್ದ ಟೆಂಪೊಗಳ ದಾರಿ ಕಾಯುತ್ತಿದ್ದರು. ಸಗರದ ಕಡೆಯ ಹಳ್ಳಿಗಳಿಂದ ಒಂದೂ ಬರಲಿಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲವೆಂದು ಪಕ್ಷ ಕಟ್ಟಿ, ತಾಲ್ಲೂಕಿನ ರಾಜಕೀಯವನ್ನೂ ಕಾಲುವೆಯ ನೀರನ್ನೂ ಕೈಯಲ್ಲಿಟ್ಟುಕೊಂಡಿದ್ದ ಇದೇ ಸಾವ್ಕಾರರನ್ನು ಊರೂರು ತಿರುಗಿ ಬೈದವರು ಅವರು. ಬೈದದ್ದಕ್ಕೆ ಚಪ್ಪಾಳೆ ಬಿದ್ದವು, ಓಟು ಬೀಳಲಿಲ್ಲ. ಈ ಸಲ ಹೊಂದಾಣಿಕೆ ಮಾಡಿಕೊಂಡು ಜಿಲ್ಲಾ ಪಂಚಾಯಿತಿಯ ಒಂದು ಕ್ಷೇತ್ರವನ್ನಾದರೂ ಬಿಟ್ಟುಕೊಡಿ ಎಂದು ಕೇಳಲು ಬಂದಿದ್ದರು. ಇಲ್ಲದಿದ್ದರೆ ಪಕ್ಷ ಇಲ್ಲಿಗೇ ಮುಗಿಯಿತು. ಕಾರ್ಯವಾಸಿ ಕತ್ತೆ ಕಾಲು ಹಿಡಿ ಎಂಬುದು ಶಾಲೆಯಲ್ಲಿ ಅವರೇ ಕಲಿಸಿದ ಗಾದೆ.

ಸಾವ್ಕಾರರು ಇಲ್ಲವೆಂದಿರಲಿಲ್ಲ. ಹೊತ್ತು ಮುಳುಗುವುದರೊಳಗೆ ನಿಮ್ಮ ಮಂದಿಯನ್ನು ನನ್ನ ಅಂಗಳದಲ್ಲಿ ತೋರಿಸಿರಿ, ಆಮೇಲೆ ಮಾತಾಡೋಣ ಎಂದಿದ್ದರು. ಚಹಾ ಕೂಡ ಕುಡಿಸಿದ್ದರು.

ಪಕ್ಷದ ಕಾರ್ಯದರ್ಶಿ ಖಾಜಾಮಿಯಾ ಬಹಳ ಹೊತ್ತಿನ ಮೇಲೆ ಫೋನು ಎತ್ತಿದ.

"ಮಾಸ್ತರ್, ಮುಂಜಾನಿಂದ ಕಾಲುವ್ಯಾಗ ನೀರು ಬಂದಾವ್ರಿ. ಮಂದಿ ಎಲ್ಲಾ ಹೊಲದಾಗ ಅದಾರ. ಇವತ್ತು ಯಾರೂ ಬರಂಗಿಲ್ಲ."

"ನೀನು?"

"ನನ್ನ ಮೆಣಸಿನ ಗಿಡಾನೂ ಒಣಗಾಕತ್ತಿದ್ವು, ಮಾಸ್ತರ್."

ನೀರು ಬಿಡಿಸಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಸಾವ್ಕಾರರು ಕಟ್ಟೆಯ ಮೇಲೆ ಕೂತು, ನಿಮ್ಮ ಬೇಡಿಕೆ ಈಡೇರಿತಲ್ಲ, ಇನ್ನು ಪಕ್ಷ ಯಾತಕ್ಕೆ ಎಂದು ನಕ್ಕರು. ಮಾಸ್ತರರಿಗೆ ಅಳು ಬಂತು. ವರ್ಷಗಟ್ಟಲೆ ಕೂಗಿ ಕರೆದ ನೀರು ಬಂದಿತ್ತು, ಅದನ್ನು ಕಂಡರಾಗದಂತಾಗಿತ್ತು.

ಸಿಕ್ಕ ಆಟೊ ಹತ್ತಿ ಅವರು ಕಾಲುವೆಗೆ ಬಂದರು. ನೀರು ನಿಂತರೆ ಮಂದಿ ಸಿಟ್ಟಿಗೇಳುತ್ತಾರೆ, ಸಾವ್ಕಾರರೇ ನಿಲ್ಲಿಸಿದರೆಂದು ಹೇಳಿದರೆ ಆ ಸಿಟ್ಟಿನಲ್ಲೇ ಟೆಂಪೊ ಹತ್ತುತ್ತಾರೆ. ಹೊತ್ತು ಇನ್ನೂ ಇತ್ತು. ಕೊನೆಯ ಹೊಲಗಳಿಗೆ ನೀರು ಬಿಡುವ ಗೇಟಿನ ಹತ್ತಿರ ಯಾರೂ ಇರಲಿಲ್ಲ. ಅವರು ಚಕ್ರ ಹಿಡಿದು ಜಗ್ಗಿದರು. ತುಕ್ಕು ಹಿಡಿದ ಚಕ್ರ ಮೊದಲು ಅಲುಗಲಿಲ್ಲ, ಆಮೇಲೆ ತಿರುಗಿತು. ಗೇಟು ಇಳಿದಂತೆ ಕೆಳಗೆ ನೀರಿನ ಸದ್ದು ಸಣ್ಣದಾಯಿತು.

ನೀರು ಬಂದಾಗ ಮೇಲಿನ ಊರಿನವರು ಬಂದು ಗೇಟು ಇಳಿಸದಂತೆ ಕೊನೆಯ ಹೊಲದವರು ಪಾಳಿಯ ಮೇಲೆ ಕಾವಲು ಕೂರುವುದು ರೂಢಿ. ಇವತ್ತಿನ ಪಾಳಿ ಕರೆಮ್ಮನದು. ಮಾಸ್ತರರ ಮಾತು ಕೇಳಿ ಎಲ್ಲರಿಗಿಂತ ಮೊದಲು ಪಕ್ಷ ಸೇರಿದವಳು ಅವಳೇ. ಮನೆಗೆ ಹೋಗಿ ರೊಟ್ಟಿ ಕಟ್ಟಿಕೊಂಡು ಬಂದವಳು, ಇಳಿದಿದ್ದ ಗೇಟನ್ನೂ ಚಕ್ರದ ಮೇಲಿದ್ದ ಅವರ ಕೈಯನ್ನೂ ನೋಡಿ ನಿಂತಳು.

"ಮ್ಯಾಲಿನೂರವ್ರು ಇಳಿಸಿ ಹೋದ್ರೇನ್ರಿ? ಜರಾ ಮನಿಗಿ ಹೋಗಿದ್ದೆ, ಅಷ್ಟರಾಗ..." ಅವಳು ರೊಟ್ಟಿಯ ಗಂಟನ್ನು ಏರಿಯ ಮೇಲಿಟ್ಟಳು. "ನೀವು ಬಂದಿದ್ದು ಛಲೋ ಆತು, ಮಾಸ್ತರ. ನಮಗ ಮತ್ಯಾರದಾರ?"

ಕರೆಮ್ಮ ಸೆರಗು ಸಿಕ್ಕಿಸಿ, ಅವರ ಕೈಯ ಪಕ್ಕದಲ್ಲೇ ತನ್ನ ಕೈ ಹಚ್ಚಿ, ಚಕ್ರವನ್ನು ಹಿಂದಕ್ಕೆ ತಿರುವತೊಡಗಿದಳು.

"ಜಗ್ಗರಿ," ಅಂದಳು.

ಅವರೂ ಜಗ್ಗಿದರು.