ಸ್ಪ್ಯಾನರ್ ಓನರ್

"ನಿಲ್ಲಿ, ನಿಲ್ಲಿ! ಗೋಡೆಗೆ ತಾಗ್ತಿದೆ!" ಎಂದು ಕೆಳಗಿನಿಂದ ವ್ಯಾನಿನವನು ಕೂಗಿದ.

ಸ್ಟ್ರೆಚರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅತ್ತ ತಿರುಗಿಸಿದರೆ ಕಂಬಿ, ಇತ್ತ ತಿರುಗಿಸಿದರೆ ಗೋಡೆ. ಮೇಲ್ತುದಿಯನ್ನು ಬಾಡಿಗೆಗಿದ್ದ ಟೈಲರು ಹಿಡಿದಿದ್ದ. ಅವನ ಹಿಂದೆ ಸತ್ತವನ ತಂಗಿ ದಿಕ್ಕುತೋಚದೆ ನಿಂತಿದ್ದಳು.

"ಬೆಲ್ಟು ಬಿಗಿಯಾಗೇ ಇದೆ. ನೆಟ್ಟಗೆ ನಿಲ್ಲಿಸಿ ಇಳಿಸಿಬಿಡೋಣ," ಎಂದ ವ್ಯಾನಿನವನು.

"ನಮ್ಮಣ್ಣನ್ನ ಬೀರು ಥರ ನಿಲ್ಲಿಸಬೇಡಿ." ಬೆಳಗ್ಗೆಯಿಂದ ತಂಗಿಯ ಬಾಯಿಂದ ಬಂದ ಮೊದಲ ಗಟ್ಟಿ ಮಾತು ಅದು.

ಹಿಂದಿನ ದಿನ ಟೆರೇಸಿನ ಕೋಣೆಯಲ್ಲಿ ಅಣ್ಣನ ಎದೆಬಡಿತ ನಿಂತಾಗ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಮದುವೆಯಾದವನಲ್ಲ, ಕೆಳಗೆಲ್ಲ ಬಾಡಿಗೆ ಮನೆಗಳು, ಮೇಲೆ ಅವನೊಬ್ಬ. ಯಾರ ಮನೆಯ ಬಾಗಿಲು ಕಿರ್ ಎಂದರೂ ಪಾನಾ ಹಿಡಿದು ಹಾಜರಾಗುತ್ತಿದ್ದ. ಬೆನ್ನ ಹಿಂದೆ ಎಲ್ಲರೂ ಅವನನ್ನು 'ಸ್ಪ್ಯಾನರ್ ಓನರ್' ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

"ಇಲ್ಲಿ ಇಷ್ಟೊಂದು ಇಕ್ಕಟ್ಟಿರಲಿಲ್ಲ," ಎಂದಳು ತಂಗಿ. "ಚಿಕ್ಕವರಿದ್ದಾಗ ನಾವಿಬ್ಬರೂ ಕೈಕೈ ಹಿಡ್ಕೊಂಡು ಇಳೀತಿದ್ವಿ."

"ನನ್ನಿಂದಾನೇ ಅಮ್ಮಾ," ಎಂದು ತಿರುವಿನ ಮೇಲಿನ ತಮ್ಮ ಮನೆ ಬಾಗಿಲಲ್ಲಿದ್ದ ಟೈಲರ್ ಹೆಂಡತಿ ದನಿ ತಗ್ಗಿಸಿದಳು. "ಆಪರೇಷನ್ ಆದ್ಮೇಲೆ ಹಿತ್ತಲಿನ ಬಚ್ಚಲಿಗೆ ಇಳಿಯೋಕಾಗ್ತಿರಲಿಲ್ಲ. ಓನರ್ ಈ ಮೆಟ್ಟಿಲಿನ ಜಾಗಾನೇ ಒತ್ತಿ ನಮಗೆ ಒಳಗೇ ಬಚ್ಚಲು ಕಟ್ಟಿಸಿಕೊಟ್ರು." ಅವಳು ಎರಡೂ ಕದ ತೆರೆದಳು. "ನಮ್ಮನೆ ಒಳಗಿಂದ ತನ್ನಿ. ಹಿಂದಿನ ಮೆಟ್ಟಿಲು ಅಗಲವಾಗಿದೆ."

"ಮನೆಯೊಳಗೆ ಹೆಣಾನಾ? ತಲೆ ಕೆಟ್ಟಿದೆಯಾ ನಿಂಗೆ?" ಎಂದ ಟೈಲರು ತಂಗಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ಅಲ್ಲ... ಗಿರಾಕಿಗಳ ಬಟ್ಟೆ ಹರಡಿದೆ, ಅದಕ್ಕೆ ಅಂದೆ."

"ತೆಗೆದರಾಯ್ತು. ನಮ್ಮ ಬಚ್ಚಲಿಗೋಸ್ಕರ ಅವರು ತಮ್ಮ ದಾರೀನೇ ಕಿರಿದು ಮಾಡ್ಕೊಂಡ್ರು. ನೀವು ಹೋಗಿ ಮಂಚ ಸರಿಸಿ."

ಟೈಲರು ಸ್ಟ್ರೆಚರಿನ ತುದಿಯನ್ನು ಮೆಟ್ಟಿಲ ಮೇಲೆ ಊರಿ ಒಳಗೆ ಹೋದ.

*

ತಂಗಿ ಈ ಮನೆಗೆ ಕೊನೆಯ ಸಲ ಬಂದದ್ದು ಅಣ್ಣನನ್ನು ಕರೆದೊಯ್ಯಲು. ಅವನು ಏಣಿಯ ಮೇಲೆ ನಿಂತು ಕರಣೆಯಿಂದ ಗೋಡೆಗೆ ಗಾರೆ ಮೆತ್ತುತ್ತಿದ್ದ.

"ಮಾರಿಬಿಡೋ ಇದನ್ನ. ನಮ್ಮನೇಲಿ ಬಂದಿರು. ಇನ್ನೂ ಎಷ್ಟು ದಿನ ಏಣಿ ಹತ್ತುತೀಯ?"

"ಇವರನ್ನೆಲ್ಲ ಎಲ್ಲಿಗೆ ಕಳಿಸಲಿ?"

"ಬಾಡಿಗೆಯವರು ಕಣೋ ಅವರು. ನಿನ್ನ ಮಕ್ಕಳಲ್ಲ."

ಕರಣೆ ಒಂದು ಗಳಿಗೆ ನಿಂತಿತು. "ಗೊತ್ತು," ಎಂದ. ಮತ್ತೆ ಗಾರೆ ಮೆತ್ತತೊಡಗಿದ.

ಆಮೇಲೆ ಭಾನುವಾರದ ಫೋನು ಮಾತ್ರ. ಯಾರದೋ ಗೋಡೆಗೆ ತೇವ ಹತ್ತಿತು, ಯಾರದೋ ಚಿಲಕ ಬದಲಾಯಿಸಿದೆ: ಅವನ ಬಾಯಲ್ಲಿ ಬೇರೆ ಸುದ್ದಿಯಿರಲಿಲ್ಲ. ಅವಳು ಫೋನನ್ನು ಪಕ್ಕಕ್ಕಿಟ್ಟು ತರಕಾರಿ ಹೆಚ್ಚುತ್ತ ಆಗಾಗ ಹೂಂಗುಟ್ಟುತ್ತಿದ್ದಳು.

*

ಸ್ಟ್ರೆಚರನ್ನು ಹಿಂದಕ್ಕೆಳೆದು ಟೈಲರ್ ಮನೆಯೊಳಕ್ಕೆ ತಿರುಗಿಸಿದರು. ಹೊಲಿಗೆ ಮೆಷಿನ್ನು, ಗೋಡೆಗಾನಿಸಿದ ಮಂಚ, ಒಲೆಯ ಮೇಲಿನ ಹಾಲು, ಎಲ್ಲವನ್ನೂ ದಾಟಿ ಅಣ್ಣ ಸಾಗಿದ.

"ಒಳಗೆ ಬಂದು ಕೂತ್ಕೊಳ್ಳಿ ಅಂದ್ರೆ ಕೂರ್ತಿರಲಿಲ್ಲ," ಎಂದು ಟೈಲರ್ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಟೀ ಕೊಟ್ರೆ ಬಾಗಿಲಲ್ಲೇ ನಿಂತು ಕುಡೀತಿದ್ರು. ಓನರ್ ಬಂದು ಕೂತರೆ ಬಾಡಿಗೆಯವರಿಗೆ ಅದು ತಮ್ಮನೆ ಅನ್ಸಲ್ಲ ಅಂತಿದ್ರು."

"ಯಾವಾಗಲೂ ಹೀಗೇನಾ?"

"ಲೋಟ ಖಾಲಿಯಾದ್ರೂ ಹೋಗ್ತಿರಲಿಲ್ಲ ಅಮ್ಮಾ. ಕದದ ತಿರುಪು ನೋಡ್ತಾ ನಿಂತಿರ್ತಿದ್ರು. ನಾವೂ ನಮ್ಮ ಕೆಲಸದಲ್ಲಿರ್ತಿದ್ವಿ..."

ಸ್ಮಶಾನದಲ್ಲಿ ಕೆಲಸ ಬೇಗ ಮುಗಿಯಿತು. ಬಂದವರೆಲ್ಲ ಬಾಡಿಗೆಯವರೇ. ಅವರ ಹೆಸರುಗಳು ತಂಗಿಗೆ ಗೊತ್ತಿರಲಿಲ್ಲ. ಕೈಮುಗಿದು, ಒಬ್ಬೊಬ್ಬರೇ ಚದುರಿದರು.

ಸಂಜೆ ಅವಳು ಟೆರೇಸಿನ ಕೋಣೆಯಲ್ಲಿ ಅಣ್ಣನ ಬಟ್ಟೆ ಮಡಿಸುತ್ತಿದ್ದಾಗ ಕೆಳಗಿನಿಂದ ಅಳುಕುತ್ತ ಯಾರೋ ಕೂಗಿದರು. "ಓನರಮ್ಮಾ... ನೀರು ನಿಂತುಹೋಗಿದೆ. ಮೋಟರ್ ಹಾಕ್ತೀರಾ?"

ಯಾರನ್ನು ಕರೆಯುತ್ತಿದ್ದಾರೆಂದು ತಿಳಿಯಲು ಅವಳಿಗೆ ಕೊಂಚ ಹೊತ್ತೇ ಹಿಡಿಯಿತು. ಬಾಗಿಲ ಹಿಂದೆ ಸ್ವಿಚ್ಚು ಹುಡುಕಿ ಒತ್ತಿದಳು. ತೊಟ್ಟಿಗೆ ನೀರು ಬೀಳತೊಡಗಿತು.

ಕೂರಲು ಮಂಚವೊಂದೇ. ಅದನ್ನು ಕಿಟಕಿಯ ಕಡೆಗಲ್ಲ, ಕೆಳಗಿನ ಮನೆಗಳಿಗೆ ಇಳಿಯುವ ಪೈಪಿನ ಗೋಡೆಗೆ ಒತ್ತಿಸಿ ಹಾಕಲಾಗಿತ್ತು. ಪೈಪಿನ ಪಕ್ಕ ಸುಣ್ಣದ ಮೇಲೆ, ಕೂತವರ ತಲೆಯೆತ್ತರಕ್ಕೆ, ಅಂಗೈಯಗಲದ ತಲೆಯೆಣ್ಣೆಯ ಜಿಡ್ಡು ಕಪ್ಪಾಗಿ ಮಿರುಗುತ್ತಿತ್ತು. ಅವಳು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲನೆ ಅಲ್ಲಿಗೇ ತಲೆಯಾನಿಸಿದಳು.

ಪೈಪಿನೊಳಗಿಂದ ಕೆಳಗಿನ ಮನೆಗಳ ಪಾತ್ರೆಗಳ ಸದ್ದು ಕೇಳಿಸಿತು. ಯಾರೋ ಕೆಮ್ಮಿದರು. ಟೈಲರ್ ಹೆಂಡತಿ ಗಂಡನನ್ನು ಊಟಕ್ಕೆ ಕರೆದಳು. ಅವನು ಏನೋ ಹೇಳಿದ, ಅವಳು ನಕ್ಕಳು.