ಬೆರಳಿಗೆ ನಾಲ್ಕು

ನಗರದ ದೊಡ್ಡಾಸ್ಪತ್ರೆಯಲ್ಲಿ ಏಳು ಗಂಟೆ. ನದಿಯಾಚೆಯದರಲ್ಲಿ ಐದೂವರೆ. ಕಾರ್ವೆಲ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಎರಡು. ತುರ್ತು ವಿಭಾಗದಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಫೋನಿನಲ್ಲೇ ಗೊತ್ತಾಗುತ್ತದೆ. ಆಲ್ಬರ್ಟಾದ ಚಳಿಗಾಲದಲ್ಲಿ ನಾವು ಹಿಮದ ಮುನ್ಸೂಚನೆ ನೋಡಿದ ಮೇಲೆ ನೋಡುವುದು ಅದನ್ನೇ.

“ಕಾರ್ವೆಲ್‌ಗೇ ಹೋಗೋಣ,” ಎಂದೆ.

“ಅಷ್ಟು ದೂರನಾ? ವಾಯು ಆಗಿರೋದಕ್ಕೆ?” ಎಂದ ಅಪ್ಪ. “ನಿನ್ನೆ ನಿಮ್ಮತ್ತೆ ಮಾಡಿದ ಎಲೆಕೋಸಿನ ಸುರುಳಿ ಜಾಸ್ತಿ ತಿಂದೆ, ಲೆಸಿಯಾ. ಅಷ್ಟೇ.”

“ಮತ್ತೆ ಯಾಕೆ ಹಾಗೆ ಬಗ್ಗಿ ಕೂತಿದ್ದೀಯಾ?”

“ನಿನ್ನ ಟ್ರಕ್ಕಿನ ಸೀಟು ಸರಿಯಿಲ್ಲ.”

ದಾರಿಯುದ್ದಕ್ಕೂ ಒಂದೊಂದು ಹಳ್ಳಕ್ಕೂ ಅವನು ಬಾಗಿಲಿನ ಹಿಡಿ ಹಿಡಿದುಕೊಳ್ಳುತ್ತಿದ್ದ. ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು. ಹೀಟರ್ ಜಾಸ್ತಿಯಾಯಿತು ಎಂದ.

ಅವನನ್ನು ಬಾಗಿಲಲ್ಲಿಳಿಸಿ ಟ್ರಕ್ ನಿಲ್ಲಿಸಿ ಬರುವಷ್ಟರಲ್ಲಿ ನರ್ಸ್ ಮಾತಾಡಿಸಿ ಮುಗಿದಿತ್ತು. ಗೋಡೆ ಪಕ್ಕದ ಕುರ್ಚಿಯಲ್ಲಿ, ಟೋಪಿ ತೊಡೆಯ ಮೇಲಿಟ್ಟುಕೊಂಡು, ಚರ್ಚಿನಲ್ಲಿ ಕೂತವನಂತೆ ಕೂತಿದ್ದ.

“ಏನು ಕೇಳಿದ್ರು?”

“ನೋವು ಹತ್ತಕ್ಕೆ ಎಷ್ಟು ಅಂದ್ಲು. ಎರಡು ಅಂದೆ. ಒಳ್ಳೇ ಹುಡುಗಿ. ಫಿಲಿಪೀನ್ಸಿನವಳಂತೆ.”

“ಎರಡಾ, ಅಪ್ಪ?”

“ಇದಕ್ಕಿಂತ ಕೆಟ್ಟದಾಗಿರಬಹುದಿತ್ತಲ್ಲ.”

ನಮ್ಮ ಕಡೆ ಹೇಗಿದ್ದೀಯಾ ಎಂದು ಯಾರು ಕೇಳಿದರೂ ಇದೇ ಉತ್ತರ. ತನ್ನ ಕೊಟ್ಟಿಗೆ ಸುಟ್ಟುಹೋದ ಮರುದಿನವೂ ಪಕ್ಕದ ಹೊಲದ ವಾಸಿಲ್ ಇದನ್ನೇ ಹೇಳಿದ್ದ. ಹೆಸರು ಬರೆಸುವ ಕಿಟಕಿಯ ಹತ್ತಿರ ಹೋಗಿ, ಅಪ್ಪನ ಮಾತು ನಂಬಬೇಡಿ ಎಂದೆ. ಕೂತಿದ್ದ ಗುಮಾಸ್ತೆ ನಕ್ಕು, ಎಲ್ಲ ಮಕ್ಕಳೂ ಹೀಗೇ ಹೇಳುತ್ತಾರೆ, ನರ್ಸ್ ಬಂದಾಗ ಹೇಳುತ್ತೇನೆ ಎಂದಳು.

ಕಾದೆವು. ಹಾಕಿ ಆಡುವಾಗ ಗಲ್ಲ ಒಡೆದುಕೊಂಡವನು ಒಳಗೆ ಹೋದ. ಕೆಮ್ಮುವ ಮಗು ಹೋಯಿತು. ಎರಡು ಗಂಟೆ ಮುಗಿದು ಮೂರನೆಯದು ನಡೆಯುತ್ತಿದ್ದರೂ ಗೋಡೆಯ ಪರದೆ ಎರಡೇ ತೋರಿಸುತ್ತಿತ್ತು.

ಪಕ್ಕದಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಹೆಂಗಸು ಕೇಳಿದಳು, “ನೀವೂ ಫೋನ್ ನೋಡ್ಕೊಂಡು ಬಂದ್ರಾ?”

“ಹೌದು.”

“ನಾನೂ ಹೋದ್ಸಲ ಹಾಗೇ ಮಾಡಿದ್ದೆ. ಇಲ್ಲಿ ಬೇಗ ನೋಡ್ತಾರೆ, ನೋಡಿ ದೊಡ್ಡಾಸ್ಪತ್ರೆಗೇ ಕಳಿಸ್ತಾರೆ. ಸ್ಕ್ಯಾನಿಲ್ಲ, ಆಪರೇಷನ್ ಮಾಡೋರಿಲ್ಲ. ಆದ್ರೆ ಇಲ್ಲಿ ಮುಖ ನೋಡಿ ಮಾತಾಡಿಸ್ತಾರೆ. ಅಲ್ಲಿ ಸತ್ರೂ ಗೊತ್ತಾಗಲ್ಲ.”

“ಕಾಫಿಯಾದ್ರೂ ಅಲ್ಲಿ ಚೆನ್ನಾಗಿರುತ್ತಾ?” ಎಂದು ಅಪ್ಪ ಕೇಳಿದ. ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಆಗ ಆ ನರ್ಸ್ ಬಂದಳು. ಎದೆಯ ಮೇಲೆ ಮಾರಿವಿಕ್ ಎಂದಿತ್ತು. ಅವಳ ಕಣ್ಣ ಸುತ್ತಲೂ ಕಪ್ಪಾಗಿತ್ತು.

“ಈಗ ಎಷ್ಟು ಸರ್?”

ಅಪ್ಪ ನೆಲ ನೋಡಿದ. “ಐದಿರಬಹುದಮ್ಮ.”

ಅವಳು ತಲೆಯಾಡಿಸಿದಳು. ಐದು ಎನ್ನುವವರು ಆ ಕೋಣೆಯಲ್ಲಿ ಬೇಕಾದಷ್ಟಿದ್ದರು. ಅವಳು ಮುಂದಿನವರ ಕಡೆ ತಿರುಗುವ ಮೊದಲು ನಾನು ಅಪ್ಪನ ಎಡಗೈ ಎತ್ತಿ ಹಿಡಿದೆ. ಅದರಲ್ಲಿ ಉಂಗುರದ ಬೆರಳಿಲ್ಲ.

“ಅಪ್ಪ, ಹುಲ್ಲು ಕಟ್ಟೋ ಯಂತ್ರ ಇದನ್ನ ಕಿತ್ಕೊಂಡಾಗ ಹತ್ತಕ್ಕೆ ಎಷ್ಟಿತ್ತು?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ನಾಲ್ಕು.”

ಮಾರಿವಿಕ್ ಅಲ್ಲೇ ನಿಂತಳು. ಮಂಡಿಯೂರಿ, ಅವನ ಅಂಗಿಯ ಮೇಲೆ, ಹೊಟ್ಟೆಯ ಬಲಕ್ಕೆ ಕೈಯಿಟ್ಟು ಮೆಲ್ಲಗೆ ಒತ್ತಿದಳು. ಅಪ್ಪ ಟೋಪಿಯ ಅಂಚು ಹಿಡಿದುಕೊಂಡ. ಅವಳು ಕೈ ತೆಗೆದಾಗ ಅವನ ಉಸಿರು ನಿಂತು, ಮತ್ತೆ ಬಂತು.

“ಮೊದಲು ಕೇಳಿದಾಗ ಎರಡು ಅಂತ ಯಾಕಂದ್ರಿ ಸರ್?”

“ನಿಮಗೆ ಕೈತುಂಬ ಕೆಲಸ ಇತ್ತಲ್ಲ.”

ಗಾಲಿಕುರ್ಚಿ ತರಲು ಅವಳು ಓಡಿಯೇ ಹೋದಳು.

ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಅಪೆಂಡಿಕ್ಸ್ ಒಡೆದಿರಬೇಕು, ಇಲ್ಲಿ ಕೊಯ್ಯುವವರಿಲ್ಲ, ನಗರದ ದೊಡ್ಡಾಸ್ಪತ್ರೆಗೆ ಹೇಳಿದ್ದೇನೆ ಎಂದರು. ಹೊರಗೆ ಬಂದಾಗ ಪಕ್ಕದ ಕುರ್ಚಿಯ ಹೆಂಗಸು ನನ್ನ ಕಡೆ ನೋಡಲಿಲ್ಲ. ಅಷ್ಟು ದಯೆ ಅವಳಲ್ಲಿತ್ತು.

“ಅಲ್ಲಿ ಏಳು ಗಂಟೆ,” ಎಂದೆ.

“ಇವರಿಗಿಲ್ಲ,” ಎಂದಳು ಮಾರಿವಿಕ್. “ನೇರ ಒಳಗೇ.”

“ಕಾಯ್ತಿರೋರ ಸರದಿ ತಪ್ಪುತ್ತಲ್ಲ,” ಎಂದ ಅಪ್ಪ.

ಆಂಬುಲೆನ್ಸಿನವನು ಹೊದಿಕೆ ಬಿಗಿದು, ಎಲ್ಲರನ್ನೂ ಕೇಳುವಂತೆ ಕೇಳಿದ, “ಹೇಗಿದ್ದೀರಿ, ಯಜಮಾನ್ರೇ?”

ಅಪ್ಪ ಬಾಯಿ ತೆರೆದ. ನನ್ನನ್ನು ನೋಡಿದ.

“ಚೆನ್ನಾಗಿಲ್ಲಪ್ಪ,” ಎಂದ.

ಬಾಗಿಲು ಮುಚ್ಚಿತು. ನಾನು ಟ್ರಕ್ಕಿನ ಗಾಜಿನ ಮೇಲಿನ ಹಿಮ ಕೆರೆಯತೊಡಗಿದೆ. ಬಂದ ದಾರಿಯಷ್ಟೂ ಮತ್ತೆ ಹೋಗಬೇಕಿತ್ತು.